ರೈತನ ಕಡೆಗೂ ತಿರುಗಲಿ ಯಂತ್ರದ ಪರದೆ

ಮುಂಡಗೋಡ ತಾಲ್ಲೂಕಿನ ಪಾಳಾ ಪೂರ್ಣ ಮಲೆನಾಡೂ ಅಲ್ಲ, ಪೂರ್ಣ ಬಯಲುಸೀಮೆಯೂ ಅಲ್ಲ. ಒಂದು ಕಡೆ ಸಹ್ಯಾದ್ರಿಯ ಕಾಡಿನ ಅಂಚು, ಇನ್ನೊಂದು ಕಡೆ ಹಾನಗಲ್ಲಿನತ್ತ ಚಾಚಿಕೊಳ್ಳುವ ಬಯಲು. ಭತ್ತ, ಗೋವಿನಜೋಳ, ಅಡಿಕೆ, ಶುಂಠಿ, ಮಾವು ಎಲ್ಲವೂ ಆ ಭಾಗದ ನೆಲದಲ್ಲಿ ಬೆಳೆಯುತ್ತವೆ. ಇಂಥ ಅರೆಮಲೆನಾಡಿನ ಮಳೆಗೆ ತನ್ನದೇ ಸ್ವಭಾವವಿದೆ. ಹಳ್ಳದ ಈಚೆ ದಿನವಿಡೀ ಸುರಿದದ್ದು ಆಚೆ ದಂಡೆಯಲ್ಲಿ ಹನಿಯಷ್ಟೇ ಆಗಿರುವುದುಂಟು. ಆ ಭಾಗದಲ್ಲಿ ಓಡಾಡುತ್ತಿದ್ದಾಗ ಅಡಿಕೆ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯೊಂದು ನನ್ನನ್ನು ಬಹುಕಾಲ ಕಾಡಿದೆ. ಅವರ ತೋಟದಲ್ಲಿ ಕೊಳೆರೋಗಕ್ಕೆ ಅರ್ಧದಷ್ಟು ಫಸಲು ಉದುರಿತ್ತು. ವಿಮೆಯ ಕಂತನ್ನು ಅವರು ತಪ್ಪದೇ ಕಟ್ಟಿದ್ದರು. ಪರಿಹಾರ ಮಾತ್ರ ಬಂದಿರಲಿಲ್ಲ. ವಿಚಾರಿಸಿದಾಗ, ಮಳೆಮಾಪಕದ ಅಂಕಿ ನಿಗದಿತ ಮಿತಿಯನ್ನು ದಾಟಿಲ್ಲ ಎಂಬ ಉತ್ತರ ಸಿಕ್ಕಿತ್ತು. ಮಾಪಕ ಏನು ಬರೆದುಕೊಂಡಿತು, ಮಿತಿ ಎಷ್ಟಿತ್ತು, ಲೆಕ್ಕ ಹೇಗೆ ನಡೆಯಿತು ಎಂಬುದನ್ನು ತನಗೆ ತೋರಿಸುವವರು ಯಾರು ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ನಮ್ಮಲ್ಲಿ ಮಾತಿಗೆ ಬರವಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ 10,000 ಕೋಟಿ ರೂಪಾಯಿ ಮೀರಿದ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ನೀಡಿತು. 2026ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಜಾಗತಿಕ ಶೃಂಗಸಭೆಯೇ ನಡೆಯಿತು. ಬೆಂಗಳೂರಿನ ಸಭಾಂಗಣಗಳಲ್ಲಿ ಚಿಪ್ಪುಗಳು, ದತ್ತಾಂಶ ಕೇಂದ್ರಗಳು, ಹೂಡಿಕೆ, ಉದ್ಯೋಗ ಇವುಗಳ ಸುತ್ತ ಚರ್ಚೆ ನಡೆಯುತ್ತಲೇ ಇದೆ. ಇವೆಲ್ಲ ಮುಖ್ಯವಾದ ಸಂಗತಿಗಳೇ. ಆದರೆ ಯಂತ್ರದ ತೀರ್ಪು ಸಾಮಾನ್ಯನ ಬದುಕನ್ನು ಮುಟ್ಟುವ ಜಾಗ ಪಾಳಾದಂಥ ಊರು. ಆ ತೀರ್ಪು ನ್ಯಾಯವಾಗಿದೆಯೇ ಎಂಬುದು ಯಂತ್ರದ ಜಾಣ್ಮೆಗಿಂತ ಹೆಚ್ಚಾಗಿ, ಅದರ ಸುತ್ತ ಸರ್ಕಾರ ಕಟ್ಟಿರುವ ನಿಯಮಗಳನ್ನು ಅವಲಂಬಿಸಿರುತ್ತದೆ. ಇದನ್ನು ಅರಿಯಲು ಕರ್ನಾಟಕದ ಇತ್ತೀಚಿನ ಇತಿಹಾಸವೇ ಸಾಕು.

ಮೊದಲು ವಿಮೆಯ ಕ್ರಮವನ್ನೇ ನೋಡೋಣ. ಹವಾಮಾನ ಆಧಾರಿತ ಬೆಳೆ ವಿಮೆ ನಮ್ಮ ರಾಜ್ಯದಲ್ಲಿ 2007ರ ಮುಂಗಾರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಜೊತೆಗೆ ಅದನ್ನೂ ಮರುರೂಪಿಸಲಾಯಿತು. ಉತ್ತರ ಕನ್ನಡದಲ್ಲಿ ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗೆ ಅನ್ವಯಿಸುವುದು ಈ ಯೋಜನೆಯೇ. ಅಡಿಕೆಗೆ ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇ 5ರಂತೆ ರೈತನ ಪಾಲು 6,400 ರೂಪಾಯಿ. ಉಳಿದ ಕಂತನ್ನು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಭರಿಸುತ್ತವೆ. ಇಲ್ಲಿ ನಷ್ಟವನ್ನು ನೋಡಲು ಯಾರೂ ತೋಟಕ್ಕೆ ಬರುವುದಿಲ್ಲ. ಮಳೆಮಾಪಕ ಮತ್ತು ಹವಾಮಾನ ಕೇಂದ್ರ ದಾಖಲಿಸಿದ ಅಂಕಿಗಳನ್ನು ಮೊದಲೇ ಗೊತ್ತುಪಡಿಸಿದ ಮಿತಿಗಳೊಂದಿಗೆ ಹೋಲಿಸಲಾಗುತ್ತದೆ. ಮಿತಿ ಮೀರಿದರೆ ಹಣ, ಇಲ್ಲದಿದ್ದರೆ ಇಲ್ಲ. ಫಸಲು ಕಳೆದುಕೊಂಡವನಿಗೆ ಏನೂ ಸಿಗದಿರಬಹುದು, ಕಳೆದುಕೊಳ್ಳದವನಿಗೆ ಸಿಗಲೂಬಹುದು.

ಈ ಕ್ರಮದಲ್ಲಿ ಗುಣಗಳಿಲ್ಲವೆಂದಲ್ಲ. ಸಮೀಕ್ಷೆಗೆ ಬರುವ ಅಧಿಕಾರಿಯ ಮರ್ಜಿ ಕಾಯಬೇಕಿಲ್ಲ, ಇತ್ಯರ್ಥಕ್ಕೆ ತಿಂಗಳುಗಟ್ಟಲೆ ಹಿಡಿಯಬೇಕಿಲ್ಲ ಎಂಬ ಉದ್ದೇಶದಿಂದಲೇ ಇದು ಬಂದದ್ದು. ಮಳೆ ಅಳೆಯುವುದರಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೂ ಅಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಹೆಣೆದಿದೆ. ಇಷ್ಟು ದಟ್ಟವಾದ ಜಾಲ ದೇಶದಲ್ಲಿ ಅಪರೂಪ. ಆದರೂ ಉತ್ತರ ಕನ್ನಡದ ಬೆಳೆಗಾರರು ಮಾಪಕಗಳ ಅಂಕಿಗಳ ಬಗ್ಗೆ ಮೇಲಿಂದ ಮೇಲೆ ತಕರಾರು ಎತ್ತುತ್ತ ಬಂದಿದ್ದಾರೆ. ಮಾಪಕ ಕೆಟ್ಟಿದ್ದ ದಿನ ಯಾವ ಅಂಕಿ ಹಿಡಿಯಬೇಕು, ಪಕ್ಕದ ಪಂಚಾಯಿತಿಯ ಮಳೆಯನ್ನು ನಮ್ಮ ಮಳೆಯೆಂದು ಬಗೆಯಬಹುದೇ, ಎಷ್ಟು ದಿನದ ಸತತ ಮಳೆಗೆ ಕೊಳೆರೋಗ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಯಂತ್ರವಲ್ಲ. ಅವನ್ನು ಒಂದು ಸಭೆಯಲ್ಲಿ ಕುಳಿತ ಕೆಲವರು ತೀರ್ಮಾನಿಸಿ ಅಧಿಸೂಚನೆಯಲ್ಲಿ ಬರೆದರು. ಯಂತ್ರ ಅದನ್ನು ಪಾಲಿಸಿತು, ಅಷ್ಟೇ.

ಇಪ್ಪತ್ತೈದು ವರ್ಷಗಳ ಹಿಂದೆ ಇಂಥದೇ ಒಂದು ಸಂದರ್ಭವನ್ನು ಈ ರಾಜ್ಯ ಎದುರಿಸಿತ್ತು. ಆಗ ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಪಹಣಿಯ ಪ್ರತಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು, ಕೈಬಿಸಿ ಮಾಡಬೇಕಿತ್ತು. ದಾಖಲೆಯಲ್ಲಿ ಹೆಸರು ತಿದ್ದಿ ಹೋದರೂ ತಿಳಿಯುವುದು ಎಷ್ಟೋ ವರ್ಷಗಳ ನಂತರ. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಸಿಗತೊಡಗಿತು.

ಭೂಮಿಯ ಯಶಸ್ಸನ್ನು ಕಂಪ್ಯೂಟರಿನ ಯಶಸ್ಸೆಂದು ಕೊಂಡಾಡುವವರು ಎರಡು ಸಣ್ಣ ಸಂಗತಿಗಳನ್ನು ಮರೆಯುತ್ತಾರೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಲಾಗಿತ್ತು. ಹಿಂದಿನವನ ಅರ್ಜಿ ಬಿಟ್ಟು ಮುಂದಿನವನ ಅರ್ಜಿಗೆ ಕೈಹಾಕಲು ನೌಕರನಿಗೆ ಅವಕಾಶವಿರಲಿಲ್ಲ. ಎರಡನೆಯದು, ಪಹಣಿ ಕೇಂದ್ರದಲ್ಲಿ ನೌಕರನ ಮುಂದಿನ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನು ಇಡಲಾಗಿತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವನಿಗೂ ಕಾಣುತ್ತಿತ್ತು. ಈ ಎರಡೂ ತಾಂತ್ರಿಕ ಅನಿವಾರ್ಯಗಳಲ್ಲ. ಒಂದೇ ಪರದೆ ಇಟ್ಟಿದ್ದರೂ ಕಂಪ್ಯೂಟರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎರಡನೆಯ ಪರದೆ ಬೇಕೆಂದದ್ದು ಆಡಳಿತದ ಆಯ್ಕೆ.

ಹಾಗೆಂದು ಭೂಮಿಯೂ ಎಲ್ಲರಿಗೂ ಕಾಣಿಸಲಿಲ್ಲ. ಕೈಬರಹದ ಪುಸ್ತಕದಲ್ಲಿದ್ದ ತಪ್ಪುಗಳು ಹಾಗೆಯೇ ಯಂತ್ರಕ್ಕೆ ಏರಿ ಇನ್ನಷ್ಟು ಗಟ್ಟಿಯಾದವು. ಪುಸ್ತಕದಲ್ಲೇ ಇಲ್ಲದವರು ಪರದೆಯ ಮೇಲೆ ಮೂಡಲಿಲ್ಲ. ದಾಖಲೆಯ ಒಂದು ಕಲಮಿನ ಬೆಲೆ ಏನೆಂಬುದು ಉತ್ತರ ಕನ್ನಡದವರಿಗೆ ಹೊಸದಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ತಿದ್ದುಪಡಿ ಜಾರಿಗೆ ತಂದಾಗ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಹೆಸರಿದ್ದವರ ದಾರಿ ಸುಗಮವಾಯಿತು. ಹೆಸರಿಲ್ಲದವರು ಉತ್ತದ್ದನ್ನು ಬೇರೆ ರೀತಿಯಲ್ಲಿ ಸಾಬೀತುಪಡಿಸಬೇಕಾಯಿತು. ಈ ಜಿಲ್ಲೆಯ ನೆಲದ ಬಹುಪಾಲು ದಾಖಲೆಯಲ್ಲಿ ಅರಣ್ಯ. ತಲೆಮಾರುಗಳಿಂದ ಅತಿಕ್ರಮಣದ ಜಾಗದಲ್ಲೇ ಉಳುಮೆ ಮಾಡಿದ ಕುಟುಂಬಗಳು ಸಾವಿರಾರು. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಪಹಣಿ ಇಲ್ಲದವನಿಗೆ ಬೆಳೆಸಾಲವಿಲ್ಲ, ವಿಮೆಯಿಲ್ಲ, ಬರ ಪರಿಹಾರವಿಲ್ಲ. ಅಂಥವನ ಗದ್ದೆಯ ಹಸಿರು ಉಪಗ್ರಹಕ್ಕೆ ಸ್ಪಷ್ಟವಾಗಿ ಕಂಡರೂ ಸರ್ಕಾರದ ಲೆಕ್ಕಕ್ಕೆ ಆತ ರೈತನಲ್ಲ.

ಭೂಮಿಯ ಬುನಾದಿಯ ಮೇಲೆ ಈಗ ಮಾಳಿಗೆಯ ಮೇಲೆ ಮಾಳಿಗೆ ಏಳುತ್ತಿದೆ. ಪಹಣಿ, ಆಧಾರ್, ಬ್ಯಾಂಕ್ ಖಾತೆಗಳನ್ನು ಬೆಸೆದು ರೈತನಿಗೊಂದು ಗುರುತಿನ ಸಂಖ್ಯೆ ಕೊಡುವ ಫ್ರೂಟ್ಸ್ ತಂತ್ರಾಂಶ, ವಿಮೆಗಾಗಿ ಸಂರಕ್ಷಣೆ ಪೋರ್ಟಲ್, 2020ರ ಮುಂಗಾರಿನಿಂದ ರೈತನೇ ಮೊಬೈಲಿನಲ್ಲಿ ಚಿತ್ರ ತೆಗೆದು ತುಂಬಬಹುದಾದ ಬೆಳೆ ಸಮೀಕ್ಷೆ ಆ್ಯಪ್. ಇವು ಒಂದಕ್ಕೊಂದು ತಾಳೆಯಾದರೆ ಹಣ ನೇರ ಖಾತೆಗೆ ಬರುತ್ತದೆ, ನಡುವೆ ದಲ್ಲಾಳಿಯಿಲ್ಲ. ತಾಳೆಯಾಗದಿದ್ದರೆ ಏನು? ಪಹಣಿಯಲ್ಲಿ ಒಂದು ಹೆಸರು, ಆಧಾರಿನ ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು. ವಿಮೆಯಲ್ಲಿ ಗೋವಿನಜೋಳ, ಸಮೀಕ್ಷೆಯಲ್ಲಿ ಭತ್ತ. ಇಂಥ ವ್ಯತ್ಯಾಸಗಳಿಂದ ತಿರಸ್ಕೃತವಾದ ಅರ್ಜಿಗಳ ಪಟ್ಟಿಯನ್ನು ಕೃಷಿ ಇಲಾಖೆ ಪ್ರಕಟಿಸಿ ಆಕ್ಷೇಪಣೆ ಕರೆಯುವ ಪದ್ಧತಿ ಇರಿಸಿಕೊಂಡಿದೆ. ಅದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಪಟ್ಟಿ ಅಂಟಿಸಿದ ಸುದ್ದಿ ಹೊಲದಲ್ಲಿರುವವನನ್ನು ತಲುಪುವಷ್ಟರಲ್ಲಿ ಗಡುವು ಮುಗಿದಿರುವ ಸಂಭವವೇ ಹೆಚ್ಚು. ಸಮೀಕ್ಷೆಯಲ್ಲಿ ತಪ್ಪು ನಮೂದಿಸಿದವನು ಬೇರೆಯವನಾಗಿದ್ದರೂ ತಿದ್ದಿಸುವ ಓಡಾಟ ರೈತನದೇ.

ಇದುವರೆಗಿನದು ತಾಳೆ ನೋಡುವ ಯಂತ್ರ. ಇನ್ನು ಬರುತ್ತಿರುವುದು ಅಂದಾಜು ಮಾಡುವ ಯಂತ್ರ. ಭತ್ತ, ಗೋವಿನಜೋಳದಂಥ ಬೆಳೆಗಳಿಗೆ ಇಳುವರಿ ತಿಳಿಯಲು ಪ್ರತಿ ಪಂಚಾಯಿತಿಯಲ್ಲಿ ಆಯ್ದ ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸುವುದು ಹಳೆಯ ಕ್ರಮ. ಕಳೆದ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಈ ವರ್ಷದ ಕೊರತೆಯನ್ನು ಲೆಕ್ಕ ಹಾಕುತ್ತಾರೆ. 2023ರ ಮುಂಗಾರಿನಿಂದ ಕೇಂದ್ರ ಕೃಷಿ ಸಚಿವಾಲಯ ಯೆಸ್-ಟೆಕ್ ಎಂಬ ಕ್ರಮವನ್ನು ತಂದಿದೆ. ಉಪಗ್ರಹ ಚಿತ್ರ, ಹವಾಮಾನ ಮತ್ತು ಗಣಕ ಮಾದರಿಗಳಿಂದ ಪಡೆದ ಇಳುವರಿ ಅಂದಾಜಿಗೆ ಕನಿಷ್ಠ ಶೇ 30ರಷ್ಟು ತೂಕ ಕೊಡಬೇಕೆಂಬುದು ಅದರ ನಿಯಮ. ಅದನ್ನು ಅಳವಡಿಸುತ್ತಿರುವ ಒಂಬತ್ತು ಪ್ರಮುಖ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆಯೆಂದು 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೇಳಿತು. ಮಧ್ಯಪ್ರದೇಶ ಶೇ 100ರಷ್ಟನ್ನೂ ತಂತ್ರಜ್ಞಾನಕ್ಕೇ ಬಿಟ್ಟಿದೆ. ಕಟಾವು ಪ್ರಯೋಗವಾದರೆ ರೈತ ಗದ್ದೆಯ ಬದುವಿನ ಮೇಲೆ ನಿಂತು ನೋಡಬಹುದು, ತೂಕದ ಕಲ್ಲು ಸರಿಯಿಲ್ಲವೆಂದು ಜಗಳವಾಡಬಹುದು. ಗಣಕ ಮಾದರಿಯೊಡನೆ ಜಗಳವಾಡುವುದು ಹೇಗೆ? ಮೂವತ್ತೋ ನೂರೋ ಎಂಬುದನ್ನು ನಿರ್ಧರಿಸುವುದು ಉಪಗ್ರಹವಲ್ಲ, ಸರ್ಕಾರ.

ಯಂತ್ರಕ್ಕೆ ಏನು ಕಾಣಬೇಕು, ಏನು ಕಾಣಬಾರದು ಎಂಬುದೂ ರಾಜಕೀಯ ತೀರ್ಮಾನವೇ. ದಾಂಡೇಲಿ, ಹಳಿಯಾಳದ ಕಾಡುಗಳಿಂದ ಭತ್ತ ತೆನೆಗಟ್ಟುವ ಹೊತ್ತಿಗೆ ಆನೆಗಳು ಮುಂಡಗೋಡದ ಗದ್ದೆಗಳಿಗೆ ಬರುವುದು ವರ್ಷವರ್ಷದ ಕಥೆ. ಅರಣ್ಯ ಇಲಾಖೆಯ ಪರಿಹಾರ ಬೇರೆ ಮಾತು; ಬೆಳೆ ವಿಮೆಯ ಮಟ್ಟಿಗೆ ಆ ಆನೆಗಳು ಬಹುಕಾಲ ಅದೃಶ್ಯವಾಗಿದ್ದವು. ಗದ್ದೆ ಮುಳುಗುವುದರದ್ದು ಇನ್ನೂ ವಿಚಿತ್ರ. ಭತ್ತದ ಜಲಾವೃತಿಯನ್ನು 2018ರಲ್ಲಿ ಸ್ಥಳೀಯ ವಿಕೋಪಗಳ ಪಟ್ಟಿಯಿಂದ ಕೈಬಿಡಲಾಯಿತು. ಮುಳುಗಿದ ಬೆಳೆಯನ್ನು ಅಂದಾಜಿಸುವುದು ಕಷ್ಟ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. 2025ರ ನವೆಂಬರ್‌ನಲ್ಲಿ ಸಚಿವಾಲಯ ಎರಡನ್ನೂ 2026ರ ಮುಂಗಾರಿನಿಂದ ವಿಮೆಯ ವ್ಯಾಪ್ತಿಗೆ ತರುವ ನಿರ್ಧಾರ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ರೈತ 72 ಗಂಟೆಗಳೊಳಗೆ ಸ್ಥಳದ ಗುರುತಿರುವ ಚಿತ್ರವನ್ನು ಆ್ಯಪ್‌ಗೆ ಏರಿಸಬೇಕು. ಈ ಏಳು ವರ್ಷಗಳಲ್ಲಿ ಆನೆಯೂ ಬದಲಾಗಲಿಲ್ಲ, ನೀರೂ ಬದಲಾಗಲಿಲ್ಲ. ಬದಲಾದದ್ದು ನಿಯಮ.

ಆ 72 ಗಂಟೆಗಳ ಷರತ್ತು ಬೆಂಗಳೂರಿನಲ್ಲಿ ಉದಾರವಾಗಿ ಕಾಣುತ್ತದೆ. ಜೋಯಿಡಾದ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಂಕೇತಕ್ಕಾಗಿ ಗುಡ್ಡ ಹತ್ತುವವರಿಗೆ ಹಾಗಲ್ಲ. ಭಾಷೆಯ ಪ್ರಶ್ನೆಯೂ ಇದೆ. 2022ರಲ್ಲಿ ಆರಂಭವಾದ ಭಾಷಿಣಿ, 2023ರಲ್ಲಿ ಬಂದ ಕಿಸಾನ್ ಇ-ಮಿತ್ರದಂಥ ಪ್ರಯತ್ನಗಳಿಂದ ರೈತ ತನ್ನ ಮಾತಿನಲ್ಲೇ ಯಂತ್ರದೊಡನೆ ವ್ಯವಹರಿಸಬಹುದೆಂಬ ಭರವಸೆ ಹುಟ್ಟಿದೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಧಾರವಾಡದ ಛಾಯೆಯ ಕನ್ನಡ, ಮರಾಠಿ, ಲಂಬಾಣಿ, ಸಿದ್ದಿಯರ ಕೊಂಕಣಿ ಎಲ್ಲವೂ ಕೇಳಿಬರುತ್ತವೆ. ಯಾರ ದನಿಯನ್ನು ಯಂತ್ರಕ್ಕೆ ಕಲಿಸಬೇಕು, ಅದಕ್ಕೆ ಹಣ ಯಾರು ಕೊಡಬೇಕು ಎಂಬುದು ಮಾರುಕಟ್ಟೆಗೆ ಬಿಟ್ಟರೆ ಇತ್ಯರ್ಥವಾಗದ ಸಂಗತಿ.

ನಿಯಮದ ಕಡೆ ನೋಡದೆ ಯಂತ್ರವನ್ನು ನಂಬಿದವರು ಬೇರೆಡೆಯೂ ಬೆಲೆ ತೆತ್ತಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಶಿಶುಪಾಲನಾ ಭತ್ಯೆ ಪಡೆಯುತ್ತಿದ್ದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಬಗೆಯಿತು. ಆ ತಪ್ಪಿನಲ್ಲಿ ಗಣಕದ ಅಪಾಯ ಅಂದಾಜಿನ ಪಾತ್ರವೂ ಇತ್ತು. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದೇ ಕುಖ್ಯಾತವಾದ ವ್ಯವಸ್ಥೆ ವರ್ಷದ ಆದಾಯವನ್ನು ಹದಿನೈದು ದಿನಗಳ ಕಂತುಗಳಿಗೆ ಸರಾಸರಿಯಾಗಿ ಹಂಚಿ, ಬಡವರ ಮೇಲೆ ಇಲ್ಲದ ಸಾಲ ಹೊರಿಸಿತು. 2023ರಲ್ಲಿ ರಾಯಲ್ ಆಯೋಗ ಅದನ್ನು ಕಟುವಾಗಿ ಖಂಡಿಸಿತು. ನಮ್ಮ ನೆರೆಯ ತೆಲಂಗಾಣದಲ್ಲಿ ಗಣಕದ ತಾಳೆಯ ಆಧಾರದ ಮೇಲೆ ರದ್ದಾದ ಲಕ್ಷಾಂತರ ಪಡಿತರ ಚೀಟಿಗಳ ಸ್ಥಳ ಪರಿಶೀಲನೆ ನಡೆಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಮೂರೂ ಕಡೆ ಸಂತ್ರಸ್ತರ ಪಾಡು ಒಂದೇ: ತಮ್ಮ ಬಗ್ಗೆ ಯಂತ್ರ ಏನು ಬರೆದುಕೊಂಡಿದೆ ಎಂಬುದು ಅವರಿಗೆ ತಿಳಿಯುವ ಮೊದಲೇ ತೀರ್ಪು ಜಾರಿಯಾಗಿತ್ತು.

ಐರೋಪ್ಯ ಒಕ್ಕೂಟ ಈ ಪಾಠ ಕಲಿತಿದೆ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅದರ ಕಾಯ್ದೆ, ಸರ್ಕಾರಿ ಸೌಲಭ್ಯಕ್ಕೆ ಯಾರು ಅರ್ಹರೆಂದು ನಿರ್ಧರಿಸುವ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಭಾರತ ಬೇರೆ ದಾರಿ ಹಿಡಿದಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಮಾರ್ಗಸೂಚಿಗಳು ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡವೆಂದಿವೆ. ಹೊಸ ಉದ್ಯಮ ಚಿಗುರುವಾಗಲೇ ಕಾನೂನಿನ ಕತ್ತರಿ ಹಾಕಬಾರದೆಂಬ ವಾದದಲ್ಲಿ ಹುರುಳಿದೆ. ಬೆಂಗಳೂರನ್ನು ಬೆಳೆಸಿದ್ದು ಅಂಥ ಉದಾರ ನೀತಿಯೇ ಎಂಬುದನ್ನು ಕನ್ನಡಿಗರು ಬಲ್ಲರು. ಆದರೆ ಒಬ್ಬ ಉದ್ಯಮಿ ಮಾರುವ ಯಂತ್ರಕ್ಕೂ ಸರ್ಕಾರ ಹೇರುವ ಯಂತ್ರಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಹಿಡಿಸದಿದ್ದರೆ ಗ್ರಾಹಕ ಬಿಡಬಹುದು. ಎರಡನೆಯದನ್ನು ಬಿಟ್ಟು ರೈತ ಎಲ್ಲಿಗೆ ಹೋಗಬೇಕು? ಉದ್ಯಮಕ್ಕೆ ಸಡಿಲ, ಸರ್ಕಾರಕ್ಕೆ ಬಿಗಿ ಎಂಬ ನೀತಿ ಅಸಾಧ್ಯವೇನಲ್ಲ.

ಯಂತ್ರವೇ ಬೇಡವೆನ್ನುವವರ ಸಾಲಿನಲ್ಲಿ ನಾನಿಲ್ಲ. ಕೈಬರಹದ ಪಹಣಿಯ ಕಾಲ ಸತ್ಯಯುಗವಾಗಿರಲಿಲ್ಲ. ಕಟಾವು ಪ್ರಯೋಗದ ಅಂಕಿಗಳನ್ನು ಕಚೇರಿಯಲ್ಲೇ ಕುಳಿತು ಬರೆಯುವ ಆರೋಪಗಳೂ ಹಳೆಯವು. ಗದ್ದೆಗೆ ಬಾರದ ಮನುಷ್ಯನಿಗಿಂತ ಗದ್ದೆಯನ್ನು ನೋಡುವ ಉಪಗ್ರಹ ಮೇಲಾಗಿರಬಹುದು. ನನ್ನ ಬೇಡಿಕೆ ಒಂದೇ, ಇಪ್ಪತ್ತೈದು ವರ್ಷಗಳ ಹಿಂದೆ ಇದೇ ರಾಜ್ಯ ಇಟ್ಟ ಎರಡನೆಯ ಪರದೆ ಹೊಸ ಯಂತ್ರಗಳಿಗೂ ಬೇಕು.

ಅದಕ್ಕೆ ದೆಹಲಿಯ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಂ, ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನು ಬಾಧಿತ ವ್ಯಕ್ತಿಗೆ ತಿಳಿಸಬೇಕೆಂದು ಈಗಾಗಲೇ ಹೇಳುತ್ತದೆ. ಅದರ ಆಶಯದಂತೆ, ಮಳೆಮಾಪಕದ ಪ್ರತಿದಿನದ ಅಂಕಿ ಆಯಾ ಪಂಚಾಯಿತಿಯ ಫಲಕದ ಮೇಲೆ ಬರಲಿ. ಮಾಪಕ ಕೆಟ್ಟ ದಿನವನ್ನೂ ಅಲ್ಲೇ ಬರೆಯಲಿ, ಆಗ ಊರವರೇ ಸಾಕ್ಷಿಯಾಗುತ್ತಾರೆ. ಮಳೆಯ ವಿವರ ಅಂತರ್ಜಾಲದಲ್ಲಿ ಸಿಗುತ್ತದೆಯಲ್ಲ ಎಂದು ಅಧಿಕಾರಿಗಳು ಕೇಳಬಹುದು. ರೈತನಿಗೆ ಬೇಕಾಗಿರುವುದು ಆ ಮಳೆ ಅವನ ಪರಿಹಾರವಾಗಿ ಮಾರ್ಪಡುವ ಲೆಕ್ಕ. ಹಂಗಾಮು ಮುಗಿದ ಮೇಲೆ ಮಿತಿ, ಅಂಕಿ, ಪರಿಹಾರದ ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ. ಅರ್ಜಿ ತಿರಸ್ಕಾರವಾದರೆ ಕಾರಣ ಕನ್ನಡದಲ್ಲಿ, ಬರಹದಲ್ಲಿ, ಅರ್ಜಿದಾರನ ಕೈ ಸೇರಲಿ. ಆಕ್ಷೇಪಣೆಯ ಗಡುವು ಅಂದಿನಿಂದ ಆರಂಭವಾಗಲಿ. ತಪ್ಪನ್ನು ತಿದ್ದುವ ಅಧಿಕಾರವುಳ್ಳ ಒಬ್ಬ ಅಧಿಕಾರಿ ತಾಲ್ಲೂಕು ಮಟ್ಟದಲ್ಲಿರಲಿ. 2011ರಲ್ಲಿ ಸಕಾಲ ಕಾಯ್ದೆ ತಂದ ರಾಜ್ಯಕ್ಕೆ ಈ ತಿದ್ದುಪಡಿಗಳಿಗೂ ಗಡುವು ವಿಧಿಸುವುದು ಕಷ್ಟವಲ್ಲ. ಉಪಗ್ರಹದ ಅಂದಾಜು ಮತ್ತು ಕಟಾವಿನ ಅಂಕಿ ಬಹಳ ದೂರವಿದ್ದಲ್ಲಿ ಮನುಷ್ಯರು ಗದ್ದೆಗೆ ಇಳಿಯುವುದು ಕಡ್ಡಾಯವಾಗಲಿ.

ಇವುಗಳಲ್ಲಿ ಯಾವುದಕ್ಕೂ ದುಬಾರಿ ಚಿಪ್ಪು ಬೇಕಿಲ್ಲ. ಬೇಕಾಗಿರುವುದು ಶಾಸನಸಭೆಯಲ್ಲಿ ಪ್ರಶ್ನೆ ಕೇಳುವ ಪ್ರತಿನಿಧಿಗಳು ಮತ್ತು ಉತ್ತರ ಕೊಡಲು ಸಿದ್ಧವಿರುವ ಇಲಾಖೆ. ಮುಂದಿನ ಮುಂಗಾರಿನಲ್ಲೂ ಪಾಳಾದ ಹಳ್ಳದ ಈಚೆಗೊಂದು, ಆಚೆಗೊಂದು ಮಳೆ ಬೀಳುತ್ತದೆ. ಮಾಪಕ ಎರಡನ್ನೂ ಹಿಡಿಯಲಾರದೆಂಬುದು ಅಲ್ಲಿನ ರೈತನಿಗೆ ಗೊತ್ತು. ಅಷ್ಟರ ಮಟ್ಟಿಗಿನ ತಪ್ಪನ್ನು ಸಹಿಸುವ ದೊಡ್ಡತನವೂ ಆತನಲ್ಲಿದೆ. ಮಾಪಕ ಏನು ಬರೆದುಕೊಂಡಿತೆಂದು ನೋಡುವ ಅವಕಾಶವನ್ನಷ್ಟೇ ಆತ ಕೇಳುತ್ತಿದ್ದಾನೆ.